ಬೆಕ್ಕಿಗೂ ಎದ್ದು ಹೋಗಲು ಒಂದು ಜಾಗ ಬೇಕು

ನಿನ್ನೆ ಸಂಜೆಯಿಂದ ನನ್ನ ಸಿಟ್ಟು ಇಳಿದಿಲ್ಲ. "ಮಲಗಿ ಎದ್ದರೆ ಸರಿಹೋಗುತ್ತೆ" ಅಂದರು ಮನೆಯವರು. ಸರಿಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮುಂಬೈಯ ಒಂದು ಕ್ಯಾಟ್ ಕೆಫೆಗೆ ಹೋಗಿದ್ದೆವು, ಅಂದರೆ ಗಂಟೆ ಲೆಕ್ಕದಲ್ಲಿ ಪೈಸೆ ಕೊಟ್ಟು ಬೆಕ್ಕುಗಳ ಜೊತೆ ಕೂತು ಕಾಫಿ ಕುಡಿಯುವ ಜಾಗ. ಹೆಸರು, ಏರಿಯಾ ಎರಡೂ ಬರೆಯುವುದಿಲ್ಲ, ಇನ್‌ಬಾಕ್ಸ್‌ನಲ್ಲೂ ಕೇಳಬೇಡಿ. ಅಲ್ಲಿ ಸೋಫಾದ ಕೆಳಗೆ ಒಂದು ಬಿಳಿ ಪರ್ಷಿಯನ್ ಬೆಕ್ಕು ಮುದುಡಿ ಕೂತಿತ್ತು. ಏಳೆಂಟು ವರ್ಷದ ಒಬ್ಬ ಹುಡುಗ ನೆಲದ ಮೇಲೆ ಮಲಗಿ, ಒಳಗೆ ಕೈ ಹಾಕಿ, ಅದರ ಹಿಂಗಾಲು ಹಿಡಿದು ಎಳೆದ. ಬೆಕ್ಕು ಉಗುರಲ್ಲಿ ಕಾರ್ಪೆಟ್ ಕಚ್ಚಿ ಹಿಡಿದುಕೊಂಡಿತು. ಹುಡುಗನ ತಾಯಿ ವಿಡಿಯೋ ಮಾಡುತ್ತಿದ್ದರು. "ಬಿಡು ಬೇಟಾ, ಅದಕ್ಕೆ ನೋವಾಗುತ್ತೆ" ಅಂದೆ. ತಾಯಿ ನನ್ನ ಕಡೆ ತಿರುಗಿ, "ನಾವೂ ಪೈಸೆ ಕೊಟ್ಟೇ ಬಂದಿದ್ದೇವೆ" ಅಂದರು.

ಕೆಫೆಯವರು ಯಾರಾದರೂ ಏನಾದರೂ ಹೇಳುತ್ತಾರಾ ಅಂತ ಸುತ್ತ ನೋಡಿದೆ. ಕೆಲಸಕ್ಕೆ ಇದ್ದವನು ಒಬ್ಬನೇ ಹುಡುಗ. ಅವನು ಕೌಂಟರ್ ಹಿಂದೆ ಕೋಲ್ಡ್ ಕಾಫಿ ಮಾಡುತ್ತಿದ್ದ. ಮಿಕ್ಸರ್ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಿರಲಿಲ್ಲ.

ನನ್ನ ತಂಗಿಯ ಮಗಳು ರಜೆಗೆ ಕುಂದಾಪುರದಿಂದ ಬಂದಿದ್ದಾಳೆ. ಅವಳಿಗೆ ಬೆಕ್ಕು ಅಂದರೆ ಪ್ರಾಣ. ಅವಳೇ ಫೋನ್‌ನಲ್ಲಿ ಹುಡುಕಿ, ಫೋಟೋ ತೋರಿಸಿ, "ದೊಡ್ಡಮ್ಮಾ, ಒಂದ್ಸಲ ಹೋಗುವಾ" ಅಂತ ಗಂಟುಬಿದ್ದಿದ್ದಳು. ಫೋಟೋದಲ್ಲಿ ಬೆಕ್ಕುಗಳು ಕಿಟಕಿಯ ಹತ್ತಿರ ಬಿಸಿಲು ಕಾಯಿಸುತ್ತಾ ಮಲಗಿದ್ದವು. ನಿಜವಾಗಿ ನೋಡಿದರೆ ಆ ಕಿಟಕಿಯ ಕೆಳಗೆ ನಾಲ್ಕು ಜನ ಕೂತು ಹುಟ್ಟುಹಬ್ಬದ ಕೇಕ್ ಕತ್ತರಿಸುತ್ತಿದ್ದರು. ಸ್ಪೀಕರ್‌ನಲ್ಲಿ ಜೋರು ಹಾಡು. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ ಕೇಳಿಸುತ್ತದೆ. ಬೆಕ್ಕಿಗೆ ಸುಮಾರು 64,000ದವರೆಗೂ ಕೇಳಿಸುತ್ತದೆ. ಗೋಡೆಯೊಳಗೆ ಇಲಿ ಓಡಾಡುವುದನ್ನು ಹಿಡಿಯಲು ಇರುವ ಕಿವಿ ಅದು. ಅಂಥ ಕಿವಿಯ ಪಕ್ಕದಲ್ಲಿ ಸ್ಪೀಕರ್ ಇಟ್ಟಿದ್ದಾರೆ.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಹೋಟೆಲ್ ಮನೆಯ ಮಗಳು. ಮುಂಬೈಯ ಫೋರ್ಟ್‌ನಲ್ಲಿ ಅಪ್ಪನ ಹೋಟೆಲ್ ಇದ್ದ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ಗಲ್ಲಾದ ಹಿಂದೆ ಕೂತು ಹೋಂವರ್ಕ್ ಮಾಡಿದವಳು. ಹಾಗಾಗಿ ಎಲ್ಲಿ ತಿನ್ನಲು ಹೋದರೂ ಮೊದಲು ಕಣ್ಣು ಹೋಗುವುದು ಕೆಲಸ ಹೇಗೆ ಹಂಚಿದ್ದಾರೆ ಅನ್ನುವುದರ ಮೇಲೆ. ಅಪ್ಪನ ಹತ್ತಿರ ಒಂದು ಕಟ್ಟುನಿಟ್ಟು ಇತ್ತು. ಟೇಬಲ್ ಒರೆಸುವವನು ತಿಂಡಿಯ ತಟ್ಟೆ ಮುಟ್ಟಬಾರದು. ಸಪ್ಲೈಯರ್ ಬೇರೆ, ಕ್ಲೀನರ್ ಬೇರೆ. ಜನ ಕಮ್ಮಿ ಇದ್ದ ದಿನ ಒಂದು ಸಾಲು ಟೇಬಲ್ ಮುಚ್ಚಿಬಿಡುತ್ತಿದ್ದರು. ಗಿರಾಕಿ ವಾಪಸ್ ಹೋದರೂ ಚಿಂತೆ ಇಲ್ಲ ಅನ್ನುತ್ತಿದ್ದರು. ಈ ಕೆಫೆಯಲ್ಲಿ ಆ ಹುಡುಗ ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರದ ತಟ್ಟೆ) ಬಳಿದು ಬಂದು, ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು, ನೇರ ಸ್ಯಾಂಡ್‌ವಿಚ್ ಕತ್ತರಿಸಲು ನಿಂತ. ನಮ್ಮ ಕಾಫಿ ತಣ್ಣಗಾಗಿ ಬಂತು, ಕಪ್ಪಿನ ಅಂಚಿನಲ್ಲಿ ಕೂದಲು. ಕೈ ತೊಳೆಯುವ ಕಡೆ ಸೋಪು ಖಾಲಿ. ಬೆಕ್ಕಿನ ಮೈಮೇಲಿನ ಗಜಕರ್ಣ ಮುಟ್ಟಿದವರಿಗೂ ಹರಡುತ್ತದೆ. ಹಾಗಿರುವಾಗ ಸೋಪು ಇಡುವುದು ಮೊದಲ ಕೆಲಸ ಅಲ್ವಾ? ಮೇಲಿನಿಂದ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಅದು ಕಡ್ಡಾಯ ಮಾಡುವಂತಿಲ್ಲ ಅಂತ 2022ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ತೆಗೆಸಿದೆ. ಅದು ಬಿಡಿ, ಸಣ್ಣ ವಿಷಯ.

ದೊಡ್ಡ ವಿಷಯ ಆ ಹುಡುಗ ಒಬ್ಬನೇ ಇದ್ದದ್ದು. ಕಾಫಿ ಅವನೇ, ಬಿಲ್ ಅವನೇ, ಲಿಟರ್ ಅವನೇ. ಬೆಕ್ಕನ್ನು ನೋಡಿಕೊಳ್ಳುವವನೂ ಅವನೇ ಅಂತೆ. ಅಂದರೆ ಯಾರೂ ಇಲ್ಲ ಅಂತಲೇ ಅರ್ಥ. ಕೇಳಿದ್ದಕ್ಕೆ, "ಆಂಟಿ, ಶನಿವಾರ ಭಾನುವಾರ ರಶ್ ಜಾಸ್ತಿ. ಬೆಕ್ಕಿನ ಕಡೆ ಹೋದರೆ ಆರ್ಡರ್ ಲೇಟಾಗುತ್ತೆ, ಕಸ್ಟಮರ್ ಬೈತಾರೆ" ಅಂದ. ಅವನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಆ ಬಿಳಿ ಬೆಕ್ಕನ್ನು ಆ ಮಗುವಿನ ಕೈಯಿಂದ ಬಿಡಿಸಿಕೊಂಡು ಕೌಂಟರ್ ಹಿಂದೆ ಬಿಟ್ಟವನೂ ಅವನೇ. ಅದರ ಬೆನ್ನು ಸವರಿದ ರೀತಿ ನೋಡಿದರೆ ಅವನಿಗೆ ಅದರ ಮೇಲೆ ಪ್ರೀತಿ ಇದೆ ಅಂತ ಗೊತ್ತಾಗುತ್ತಿತ್ತು. ಆದರೆ ಕೌಂಟರ್ ಹಿಂದೆ ಬಿಟ್ಟ ಬೆಕ್ಕು ಎಲ್ಲಿಗೆ ಹೋಗಬೇಕು? ಅಲ್ಲಿ ಮಿಕ್ಸರ್. ಈಚೆ ಕೇಕ್ ಪಾರ್ಟಿ. ಹಿಂದೆ ಒಂದು ಕೋಣೆಯೂ ಇಲ್ಲ. ಗೋಡೆಯ ಮೇಲೆ ಎತ್ತರದಲ್ಲಿ ಹಲಗೆ ಹೊಡೆದಿದ್ದರು, ಸರಿ. ಆದರೆ ನಿಂತವರ ಕೈಗೆ ಸಿಗುವಷ್ಟು ಎತ್ತರಕ್ಕೆ. ಫೋಟೋಗೆ ಅನುಕೂಲ ಆಗಲಿ ಅಂತ ಇರಬೇಕು.

ನಾನು ಮತ್ತೆ ಮತ್ತೆ ಇದನ್ನೇ ಹೇಳುತ್ತೇನೆ. ಬೆಕ್ಕಿಗೆ ಎದ್ದು ಹೋಗಲು ಜಾಗ ಇಲ್ಲದ ಕಡೆ ಬೆಕ್ಕು ಸಾಕಬಾರದು. ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಮಲಗುವ ಪ್ರಾಣಿ. ಅದೂ ಒಂದೇ ಸಲಕ್ಕೆ ಮಲಗುವುದಿಲ್ಲ, ತುಂಡು ತುಂಡಾಗಿ ಹಗಲಿಡೀ ಮಲಗುತ್ತದೆ. ಹೆದರಿದರೆ ಹೋರಾಡುವ ಮೊದಲು ಅಡಗುತ್ತದೆ. ಕಿವಿ ಹಿಂದಕ್ಕೆ ಮಡಚುತ್ತದೆ, ಬಾಲ ಪಟಪಟ ಹೊಡೆಯುತ್ತದೆ, ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಅದೆಲ್ಲ "ನನ್ನ ಹತ್ತಿರ ಬರಬೇಡ" ಅಂತ ಹೇಳುವ ರೀತಿ. ಸುಮ್ಮನೆ ಕೂತಿದೆ ಅಂದಮಾತ್ರಕ್ಕೆ ಖುಷಿಯಾಗಿದೆ ಅಂತ ಅಲ್ಲ. ಭಯ ದಿನಾ ಇದ್ದರೆ ಮೂತ್ರಕೋಶ ಊದಿಕೊಳ್ಳಬಹುದು. ಗಂಡು ಬೆಕ್ಕಾದರೆ ಮೂತ್ರ ಕಟ್ಟಿ, ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನದಲ್ಲಿ ಜೀವವೇ ಹೋಗಬಹುದು. ಲಿಟರ್ ಟ್ರೇ ಎಷ್ಟು ಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ, ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಜಾಸ್ತಿ. ಇಲ್ಲಿ ಹನ್ನೆರಡು ಬೆಕ್ಕಿಗೆ ಮೂರು ಟ್ರೇ. ಕಣ್ಣಲ್ಲಿ ನೀರು ಸೋರುತ್ತಿದ್ದ, ಸೀನುತ್ತಿದ್ದ ಒಂದು ಮರಿ ಬೇರೆ. ಹೊಸದಾಗಿ ಬಂದ ಮರಿಯನ್ನು ಕೆಲವು ದಿನ ಬೇರೆ ಇಟ್ಟು, ಲಸಿಕೆ ಹಾಕಿಸಿ, ಆಮೇಲೆ ಉಳಿದವುಗಳ ಜೊತೆ ಬಿಡಬೇಕು. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ಬೆಕ್ಕುಗಳ ಅಂಟುರೋಗ ಬಂದರೆ ಮರಿಗಳು ಒಂದರ ಹಿಂದೆ ಒಂದು ಸಾಯುತ್ತವೆ. ಬೇರೆ ಇಡಬೇಕಾದರೆ ಇನ್ನೊಂದು ಕೋಣೆ ಬೇಕು. ಮತ್ತೆ ಅಲ್ಲಿಗೇ ಬಂದೆ ನೋಡಿ.

ಸಂಜೆಯ ವಿರಾರ್ ಫಾಸ್ಟ್ ಲೋಕಲ್ ರೈಲಿನಲ್ಲಿ ನಿಂತು ಹೋಗುವವರಿಗೆ ಗೊತ್ತು, ಎಷ್ಟೇ ನೂಕುನುಗ್ಗಲು ಇದ್ದರೂ ನಮ್ಮ ಸ್ಟೇಷನ್ ಬರುತ್ತದೆ ಅನ್ನುವ ಧೈರ್ಯದಲ್ಲಿ ಉಸಿರು ಹಿಡಿದಿರುತ್ತೇವೆ. ಆ ಬೆಕ್ಕುಗಳಿಗೆ ಇಳಿಯುವ ಸ್ಟೇಷನ್ ಇಲ್ಲ. ಒಂದು ಬ್ಯಾಚಿನ ಗಂಟೆ ಮುಗಿದರೆ ಇನ್ನೊಂದು ಬ್ಯಾಚ್ ಬಂದು ಕೂರುತ್ತದೆ.

ಈಗ ಕೆಲವರು ಏನು ಹೇಳುತ್ತೀರಿ ಅಂತ ಗೊತ್ತು. ನಿನ್ನೆ ಫೋನ್‌ನಲ್ಲಿ ತಂಗಿಯೂ ಅದನ್ನೇ ಹೇಳಿದಳು. "ಅಕ್ಕಾ, ಬೀದಿಯಲ್ಲಿ ಇದ್ದರೆ ಕಾರಿನಡಿಗೆ ಬಿದ್ದು ಸಾಯುತ್ತಿದ್ದವು. ಇಲ್ಲಿ ಊಟವಾದರೂ ಸಿಗುತ್ತದೆ, ಯಾರಾದರೂ ದತ್ತು ತೆಗೆದುಕೊಳ್ಳುತ್ತಾರೆ." ದತ್ತು ಹೋಗುವುದು ಒಳ್ಳೆಯದೇ. ನಮ್ಮ ದೇಶಿ ಬೆಕ್ಕನ್ನು ಕೇಳುವವರೇ ಇಲ್ಲದ ಊರಿನಲ್ಲಿ ಒಂದು ಮರಿಗೆ ಮನೆ ಸಿಕ್ಕರೂ ನನಗೆ ಸಂತೋಷ. ಆದರೆ ಬೀದಿಯಿಂದ ಎತ್ತಿ ತಂದೆವು ಅನ್ನುವುದು ಆಮೇಲೆ ಹೇಗೆ ಬೇಕಾದರೂ ಇಡಬಹುದು ಅನ್ನುವುದಕ್ಕೆ ಪರವಾನಗಿಯಾ? ನಮ್ಮ ಮೀನು ಮಾರ್ಕೆಟ್‌ಗೆ ಬಂದು ನೋಡಿ. ಮೀನು ಮಾರುವ ಕೋಲಿ ಸಮುದಾಯದ ಹೆಂಗಸರ ಹಲಗೆಯ ಕೆಳಗೆ ಬೆಕ್ಕುಗಳು ಕೂತಿರುತ್ತವೆ. ಬಂಗುಡೆಯ ತಲೆ ಬೀಳುತ್ತದೆ, ತಿನ್ನುತ್ತವೆ. ಯಾರಾದರೂ ಮುಟ್ಟಲು ಹೋದರೆ ಎದ್ದು ಹೋಗುತ್ತವೆ. ಅವುಗಳ ಬದುಕು ಸುಖದ್ದು ಅಂತ ನಾನು ಹೇಳುವುದಿಲ್ಲ. ಹುಣ್ಣು, ಹಸಿವು, ಮಳೆಗಾಲ ಎಲ್ಲ ನೋಡಿದ್ದೇನೆ. ಅಪ್ಪನ ಹೋಟೆಲ್ಲಿನ ಅಕ್ಕಿ ಮೂಟೆಯ ಕೋಣೆಯಲ್ಲಿ ಇದ್ದ ಬೆಕ್ಕೂ ಮಳೆಗಾಲದ ಒಂದು ರಾತ್ರಿ ರಸ್ತೆಯಲ್ಲೇ ಸತ್ತಿತು. ನಾನು ಎರಡು ದಿನ ಊಟ ಬಿಟ್ಟಿದ್ದೆ. ಆ ಅಪಾಯದಿಂದ ತಪ್ಪಿಸಿದವರು ಎದ್ದು ಹೋಗುವ ಅವಕಾಶವನ್ನೂ ಯಾಕೆ ಕಸಿದುಕೊಳ್ಳಬೇಕು ಅನ್ನುವುದು ನನ್ನ ಪ್ರಶ್ನೆ. ಊಟ ಕೊಟ್ಟೆವು ಅನ್ನುವ ಉತ್ತರ ನನಗೆ ಸಾಕಾಗುವುದಿಲ್ಲ. ಅಂದಹಾಗೆ, ಆ ಪರ್ಷಿಯನ್ ದುಡ್ಡು ಕೊಟ್ಟು ತರುವ ತಳಿ, ಅದು ಯಾವ ಬೀದಿಯಲ್ಲಿ ಸಿಕ್ಕಿತಂತೆ?

ಕ್ಯಾಟ್ ಕೆಫೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. 1998ರಲ್ಲಿ ತೈವಾನಿನ ತೈಪೆಯಲ್ಲಿ ಇದು ಶುರುವಾಯಿತು. ಜಪಾನಿನಲ್ಲಿ ಮೊದಲನೆಯದು 2004ರಲ್ಲಿ ಒಸಾಕಾದಲ್ಲಿ. ಅಲ್ಲಿಯ ಅನೇಕ ಬಾಡಿಗೆ ಫ್ಲಾಟುಗಳಲ್ಲಿ ಪ್ರಾಣಿ ಸಾಕಲು ಬಿಡದಿದ್ದಕ್ಕೆ ಜನ ಮುಗಿಬಿದ್ದರು. ಮುಂಬೈ ಕಥೆಯೂ ಅದೇ ಅಲ್ವಾ? ಹೌಸಿಂಗ್ ಸೊಸೈಟಿಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದ್ದರೂ, ಒಂದು ಬೆಕ್ಕು ತಂದರೆ ಮನೆ ಮಾಲೀಕ ಖಾಲಿ ಮಾಡಿ ಅನ್ನುತ್ತಾನೆ. ಒಂಟಿಯಾಗಿ ಪಿಜಿಯಲ್ಲಿ ಇರುವ ಹುಡುಗಿ ಭಾನುವಾರ ಒಂದು ಗಂಟೆ ಬೆಕ್ಕಿನ ಪಕ್ಕ ಕೂತು ಬಂದರೆ ಅವಳ ವಾರ ಚೆನ್ನಾಗಿ ಹೋಗುತ್ತದೆ. ಅದರ ಬೆಲೆ ನನಗೆ ಗೊತ್ತು. ಆದರೆ ಜಪಾನಿನವರು ಅಲ್ಲಿಗೇ ಬಿಡಲಿಲ್ಲ. 2012ರಲ್ಲಿ ನಾಯಿ ಬೆಕ್ಕುಗಳನ್ನು ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಜನರ ಮುಂದೆ ಇಡಬಾರದು ಅಂತ ನಿಯಮ ಮಾಡಿದರು. ಮರಿಗಳಲ್ಲದೆ ಬೆಳೆದ ಬೆಕ್ಕುಗಳಿರುವ ಕೆಫೆಗೆ ಮಾತ್ರ ರಾತ್ರಿ 10ರವರೆಗೆ ಬಿಟ್ಟರು. 2016ರಲ್ಲಿ ಟೋಕಿಯೋದ ಒಂದು ಕೆಫೆ 30 ಚದರ ಮೀಟರ್ ಜಾಗದಲ್ಲಿ 60ಕ್ಕೂ ಹೆಚ್ಚು ಬೆಕ್ಕು ತುಂಬಿದ್ದಕ್ಕೆ ಸರ್ಕಾರ ಅದರ ವ್ಯಾಪಾರವನ್ನೇ ನಿಲ್ಲಿಸಿತು.

ನಮ್ಮಲ್ಲಿ ಏನಿದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಪಟ್ಟು ಹಿಡಿದದ್ದರಿಂದ ಬಂದ ಕಾಯ್ದೆ ಅದು. ಪ್ರಾಣಿ ಯಾರ ವಶದಲ್ಲಿದೆಯೋ ಅದರ ಕ್ಷೇಮ ನೋಡುವುದು ಅವರ ಕರ್ತವ್ಯ ಅಂತ ಮೂರನೇ ಸೆಕ್ಷನ್‌ನಲ್ಲೇ ಇದೆ. ಆದರೆ ಮೊದಲ ಸಲ ಹಿಂಸೆ ಮಾಡಿ ಸಿಕ್ಕಿಬಿದ್ದವರಿಗೆ ಇಟ್ಟಿರುವ ದಂಡ ಹೆಚ್ಚೆಂದರೆ 50 ರೂಪಾಯಿ. ಆ ಕೆಫೆಯಲ್ಲಿ 50 ರೂಪಾಯಿಗೆ ನೀರಿನ ಬಾಟಲಿಯೂ ಬರುವುದಿಲ್ಲ. 2017ರಲ್ಲಿ ನಾಯಿ ತಳಿ ಬೆಳೆಸಿ ಮಾರುವವರಿಗೆ ನಿಯಮ ಬಂತು, 2018ರಲ್ಲಿ ಪೆಟ್ ಶಾಪ್‌ಗಳಿಗೆ ಬಂತು. ಎರಡೂ ಮಾರಾಟದ ವಿಷಯ. ಕೆಫೆಯವರು ಬೆಕ್ಕನ್ನು ಮಾರುವುದಿಲ್ಲ, ಅದರ ಗಂಟೆಗಳನ್ನು ಮಾರುತ್ತಾರೆ. ಆ ಗಂಟೆಗಳಿಗೂ ಒಂದು ಮಿತಿ ಬೇಕು.

ನಾನು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಗೋಡೆಯಲ್ಲಿ ಬೆಕ್ಕು ಮಾತ್ರ ನುಗ್ಗುವಷ್ಟು ಒಂದು ಕಿಂಡಿ, ಅದರ ಹಿಂದೆ ಗಿರಾಕಿ ಕಾಲಿಡದ ಒಂದು ಸಣ್ಣ ಕೋಣೆ. ಕಾಫಿ, ಬಿಲ್ ಯಾವುದೂ ಮುಟ್ಟದೆ ಬೆಕ್ಕುಗಳನ್ನಷ್ಟೇ ನೋಡುವ ಒಬ್ಬ ಮನುಷ್ಯ. ಮಲಗಿದ ಬೆಕ್ಕನ್ನು ಎಬ್ಬಿಸಿದವರನ್ನು ಪೈಸೆ ಕೊಟ್ಟಿದ್ದರೂ ಎದ್ದು ಹೋಗಿ ಅನ್ನುವ ಧೈರ್ಯ ಅವನಿಗೆ ಇರಬೇಕು. ಆ ಧೈರ್ಯ ಮಾಲೀಕರಿಂದ ಬರಬೇಕು. ಎಲ್ಲ ಬೆಕ್ಕುಗಳೂ ಆ ಕೋಣೆಗೆ ಹೋಗಿ ಮಲಗಿಬಿಟ್ಟರೆ ಗಿರಾಕಿ ಏನು ನೋಡಬೇಕು ಅಂತ ಕೇಳಬಹುದು. ನೋಡುವುದು ಬೇಡ. ಕಾಫಿ ಕುಡಿದು ಬನ್ನಿ. ಬೆಕ್ಕಿಗೆ ಮನಸ್ಸಿಲ್ಲದ ದಿನ ಬೆಕ್ಕು ಸಿಗುವುದಿಲ್ಲ.

ಆ ತಾಯಿಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಹಾಗೇ ಇದೆ, ಮುಚ್ಚಿಡುವುದಿಲ್ಲ. ಮಗು ತಿಳಿಯದೆ ಎಳೆಯಿತು. ಅವರು ತಿಳಿದೇ ಕ್ಯಾಮೆರಾ ಹಿಡಿದಿದ್ದರು. ನಮ್ಮ ಪುಟ್ಟಿ ಒಂದು ಮೂಲೆಯಲ್ಲಿ ಕೈ ಕಟ್ಟಿ ಕೂತವಳು ಒಂದು ಬೆಕ್ಕನ್ನೂ ಮುಟ್ಟಲಿಲ್ಲ. "ಯಾಕೆ ಮಗಾ?" ಅಂದರೆ, "ಅವಕ್ಕೆ ಸಾಕಾಗಿದೆ ದೊಡ್ಡಮ್ಮಾ" ಅಂದಳು. ಹನ್ನೊಂದು ವರ್ಷದ ಹುಡುಗಿಗೆ ಕಂಡದ್ದು ಮಾಲೀಕರಿಗೆ ಕಾಣುವುದಿಲ್ಲ ಅಂದರೆ ನಾನು ಹೇಗೆ ನಂಬಲಿ?

ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿದೆ. ಸಮಾಧಾನದಲ್ಲೇ ಮಾತಾಡಿದರು. ಬಾಡಿಗೆ ಜಾಸ್ತಿ, ಇನ್ನೊಬ್ಬರನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಕೋಣೆಗೆ ಜಾಗ ಇಲ್ಲ ಅಂದರು. ಮುಂಬೈ ಬಾಡಿಗೆ ಏನು ಅಂತ ಹೋಟೆಲ್ ಮನೆಯವಳಿಗೆ ಹೇಳಬೇಕಾ? ಗೊತ್ತಿದೆ. ಆದರೆ ಜಾಗ ಸಾಲದಿದ್ದರೆ ಟೇಬಲ್ ಕಮ್ಮಿ ಮಾಡಬೇಕು, ಬೆಕ್ಕಿನ ಜಾಗ ಕಮ್ಮಿ ಮಾಡುವುದಲ್ಲ. ಇದನ್ನೇ ಹೇಳಿದೆ. "ಯೋಚನೆ ಮಾಡ್ತೇವೆ" ಅಂದರು. ಸೀನುತ್ತಿದ್ದ ಮರಿಯನ್ನು ಇವತ್ತೇ ಡಾಕ್ಟರ್‌ಗೆ ತೋರಿಸಿ ಅಂತ ಎರಡು ಸಲ ಹೇಳಿದ್ದೇನೆ. ಸಂಜೆ ಮತ್ತೆ ಫೋನ್ ಮಾಡಿ ಕೇಳುತ್ತೇನೆ. ತೋರಿಸಿಲ್ಲ ಅಂದರೆ ನಾನೇ ಹೋಗಿ ಪರೇಲ್‌ನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. 1883ರಿಂದ ಈ ಊರಿನ ಪ್ರಾಣಿಗಳನ್ನು ನೋಡುತ್ತಿರುವ ಆಸ್ಪತ್ರೆ ಅದು.

ಕಂಡದ್ದನ್ನೆಲ್ಲ ಬರೆದು ಪ್ರಾಣಿ ಕಲ್ಯಾಣ ಮಂಡಳಿಗೆ ಒಂದು ಪತ್ರ ಸಿದ್ಧ ಮಾಡಿದ್ದೇನೆ. ಕ್ಯಾಟ್ ಕೆಫೆಗಳಿಗೆ ಗಂಟೆ, ಜಾಗ, ಜನ ಎಷ್ಟಿರಬೇಕು ಅಂತ ಪ್ರತ್ಯೇಕ ನಿಯಮ ಮಾಡಿ ಅಂತ ಕೇಳಿದ್ದೇನೆ. ಬೇರೆ ಕೆಫೆಗಳಲ್ಲಿ ಇಂಥದ್ದು ನೋಡಿದವರು ನಿಮ್ಮ ಅನುಭವ ಬರೆದು ಕಳಿಸಿ, ಸೇರಿಸುತ್ತೇನೆ. ಚೆನ್ನಾಗಿ ನೋಡಿಕೊಳ್ಳುವ ಕೆಫೆ ಗೊತ್ತಿದ್ದರೆ ಅದನ್ನೂ ಹೇಳಿ, ಹೇಗೆ ನಡೆಸುತ್ತಾರೆ ಅಂತ ಕೇಳಬೇಕು. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಮಾಟುಂಗಕ್ಕೆ ಬನ್ನಿ, ಹತ್ತು ಗಂಟೆಗೆ ಮೈಸೂರು ಅಸೋಸಿಯೇಷನ್ ಗೇಟಿನ ಹತ್ತಿರ ಇರುತ್ತೇನೆ.