ಪ್ರಧಾನಿಯ ಕಡಲ ಮನೆ, ಮಾವನ ಕಡಲ ಮನೆ

2024ರ ದೀಪಾವಳಿಗೆ ಸಿಡ್ನಿಯ ನಮ್ಮ ಕನ್ನಡದವರು ಏಳೆಂಟು ಮನೆಯವರು ಒಂದೆಡೆ ಊಟಕ್ಕೆ ಸೇರಿದ್ದೆವು. ಹೋಳಿಗೆ ಬಡಿಸುವ ಹೊತ್ತಿಗೆ ಮಾತು ಆಸ್ಟ್ರೇಲಿಯಾದ ಪ್ರಧಾನಿಯ ಹೊಸ ಮನೆಗೆ ಹೊರಳಿತು. ಎರಡು ವಾರದ ಹಿಂದಷ್ಟೇ ಸುದ್ದಿ ಹೊರಬಿದ್ದಿತ್ತು. ಆಂಥನಿ ಆಲ್ಬನೀಸಿ ಅವರು ಸಿಡ್ನಿಯ ಉತ್ತರಕ್ಕಿರುವ ಸೆಂಟ್ರಲ್ ಕೋಸ್ಟ್‌ನ ಕೋಪಕಬಾನಾ ಎಂಬಲ್ಲಿ 43 ಲಕ್ಷ ಡಾಲರ್ ಕೊಟ್ಟು ಮನೆ ಕೊಂಡಿದ್ದರು. ರೂಪಾಯಿಯಲ್ಲಿ ಸುಮಾರು 24 ಕೋಟಿ.

ಜನ ಬಾಡಿಗೆ ಮನೆಗೂ ಪರದಾಡುತ್ತಿರುವಾಗ ಇದೆಲ್ಲ ಬೇಕಿತ್ತಾ ಅನ್ನುವುದು ಒಂದು ಕೂಗು. ಇನ್ನೊಂದು ಕೂಗು ಇನ್ನೂ ಖಾರದ್ದು. 'ಸಮುದ್ರ ಏರುತ್ತೆ, ಹುಷಾರು ಅಂತ ನಮಗೆ ಹೇಳೋದು. ತಾವು ಮಾತ್ರ ಅದರ ಬಾಗಿಲಲ್ಲೇ ಮನೆ ಕೊಳ್ಳೋದು. ಅಂದ್ರೆ ಏರೋದೆಲ್ಲ ಸುಳ್ಳು ಅಂತಾಯ್ತು, ಅಲ್ವಾ?' ಹೀಗಂದ ಗೆಳೆಯರು ವಾದ ಗೆದ್ದವರ ಹಾಗೆ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು.

ಈ ಕುಟುಕು ಹಳೆಯದು. ಹವಾಮಾನ ಬದಲಾವಣೆಯೇ ನಮ್ಮ ತಲೆಮಾರಿನ ದೊಡ್ಡ ನೈತಿಕ ಸವಾಲು ಅಂತ 2007ರಲ್ಲಿ ಹೇಳಿದ ಮಾಜಿ ಪ್ರಧಾನಿ ಕೆವಿನ್ ರಡ್, 2020ರಲ್ಲಿ ಕ್ವೀನ್ಸ್‌ಲ್ಯಾಂಡಿನ ಸನ್‌ಶೈನ್ ಬೀಚ್‌ನಲ್ಲಿ 1.7 ಕೋಟಿ ಡಾಲರ್ ಮನೆ ಕೊಂಡಾಗಲೂ ಇದೇ ಮಾತು ಬಂದಿತ್ತು. ಒಬಾಮಾ 2019ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ನೀರಿನ ಪಕ್ಕ ಮನೆ ಕೊಂಡಾಗಂತೂ ಆ ಫೋಟೊ ನೋಡದವರೇ ಇಲ್ಲ.

ಇದರ ಉಲ್ಟಾ ಕತೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಹವಾಮಾನ ಬದಲಾವಣೆ ಬರೀ ಬೊಗಳೆ ಅನ್ನುವ ಡೊನಾಲ್ಡ್ ಟ್ರಂಪ್ ಅವರಿಗೆ ಐರ್ಲೆಂಡಿನ ಡೂನ್‌ಬೆಗ್‌ನಲ್ಲಿ ಒಂದು ಗಾಲ್ಫ್ ಮೈದಾನವಿದೆ. ಅಲೆ ಬಂದು ಮೈದಾನ ಕೊರೆಯುತ್ತಿದೆ, ತಡೆಗೋಡೆ ಕಟ್ಟಬೇಕು ಅಂತ ಅಲ್ಲಿನವರು ಅರ್ಜಿ ಹಾಕಿದರು. 2016ರಲ್ಲಿ ಪತ್ರಿಕೆಯವರು ಆ ಅರ್ಜಿಯ ಕಾಗದ ತೆಗೆದು ನೋಡಿದರೆ, ಭೂಮಿ ಬಿಸಿಯಾಗಿ ಸಮುದ್ರ ಏರುತ್ತಿರುವುದನ್ನೂ ಕಾರಣವಾಗಿ ಬರೆದಿತ್ತು! ಭಾಷಣದಲ್ಲಿ ಇಲ್ಲದ ಸಮುದ್ರ ಅರ್ಜಿಯಲ್ಲಿ ಏರಿತ್ತು. ಅಲ್ಲಿಂದೀಚೆಗೆ ನಾನು ರಾಜಕಾರಣಿಗಳ ಭಾಷಣಕ್ಕಿಂತ ಅವರು ಸಹಿ ಹಾಕುವ ಕಾಗದ ಜಾಸ್ತಿ ನೋಡುತ್ತೇನೆ.

ಮುಂದೊಂದು ಶನಿವಾರ ಸೆಂಟ್ರಲ್ ಕೋಸ್ಟ್ ಕಡೆ ಹೋಗಿಬಂದೆವು. ಪ್ರಧಾನಿ ಮನೆಯನ್ನೇನೂ ಹುಡುಕಲಿಲ್ಲ, ಮಕ್ಕಳಿಗೆ ಮರಳಾಟ ಬೇಕಿತ್ತು. ಕೋಪಕಬಾನಾ ಬೀಚಿನಲ್ಲಿ ನಿಂತು ಆಚೀಚೆಯ ಗುಡ್ಡ ನೋಡಿದರೆ ಗೆಳೆಯರ ವಾದ ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದೆ. ಪ್ರಧಾನಿ ಕೊಂಡದ್ದು ಬಂಡೆಯ ನೆತ್ತಿಯ ಮೇಲಿನ ಮನೆ. ಕೆಳಗೆ ನಿಂತವರು ಕತ್ತೆತ್ತಿ ನೋಡಬೇಕು. 1901ರಿಂದ 2018ರವರೆಗೆ ಪ್ರಪಂಚದ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ. ಈಚೆಗೆ ವರ್ಷಕ್ಕೆ ಮೂರೂವರೆ ಮಿಲಿಮೀಟರಿಗೂ ಜಾಸ್ತಿ ಏರುತ್ತಿದೆ. ಹೊಗೆ ಕಡಿಮೆ ಮಾಡದೇ ಹೋದರೆ 2100ರ ಹೊತ್ತಿಗೆ ಒಂದು ಮೀಟರ್‌ವರೆಗೂ ಹೋಗಬಹುದು ಅನ್ನುವುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವಿಜ್ಞಾನಿಗಳ ಲೆಕ್ಕ. ಅಷ್ಟು ಏರಿದರೂ ಗುಡ್ಡದ ಮೇಲಿನ ಮನೆಯ ಹೊಸಿಲು ಒದ್ದೆಯಾಗುವುದಿಲ್ಲ.

ಒದ್ದೆಯಾಗುವ ಮನೆಗಳು ಬೇರೆ ಇವೆ. ಅಲ್ಲಿಂದ ಉತ್ತರಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ವಾಂಬರಲ್ ಸಿಗುತ್ತದೆ. ಮರಳಿನ ದಿಬ್ಬದ ಮೇಲೆ ಸಾಲಾಗಿ ಮನೆಗಳು, ಎದುರಿಗೇ ಪೆಸಿಫಿಕ್ ಸಾಗರ. 1978ರ ಬಿರುಗಾಳಿಗೆ ಇಲ್ಲಿ ಮನೆಗಳು ಬಿದ್ದಿದ್ದವು. 2020ರ ಜುಲೈನಲ್ಲಿ ಮತ್ತೆ ಅಲೆ ಬಂದು ಹಿತ್ತಲುಗಳನ್ನು ಹೊತ್ತೊಯ್ದಿತು. ನಾವು ಹೋದಾಗ ಒಂದು ಮನೆಯ ಹಿಂದೆ ಮರದ ಮೆಟ್ಟಿಲು ಕಂಡಿತು. ಮೇಲಿನ ಏಳೆಂಟು ಮೆಟ್ಟಿಲು ಗಟ್ಟಿಯಾಗಿವೆ, ಕೈಹಿಡಿಗೆ ಬಣ್ಣ ಕೂಡ ಹೊಡೆದಿದ್ದಾರೆ. ಕೆಳಗಿನವು ಇಲ್ಲ. ಮೆಟ್ಟಿಲು ಗಾಳಿಯಲ್ಲಿ ಮುಗಿಯುತ್ತದೆ. ಅದರ ಕೆಳಗೆ ಮರಳಿನ ಚೀಲ, ಬಂಡೆಕಲ್ಲು, ತುಂಡಾದ ಪೈಪು.

ಮರಳಿನ ತೀರದ ಲೆಕ್ಕವೇ ಬೇರೆ. ನೀರು ಒಂದು ಸೆಂಟಿಮೀಟರ್ ಏರಿದರೆ ದಡ ಅರ್ಧದಿಂದ ಒಂದು ಮೀಟರ್ ಹಿಂದೆ ಸರಿಯುತ್ತದೆ ಅಂತ ಕಡಲ ಎಂಜಿನಿಯರುಗಳು ಬಾಯಿಲೆಕ್ಕ ಹಾಕುತ್ತಾರೆ. ಎಲ್ಲ ಕಡೆ ಅದು ಕರಾರುವಾಕ್ಕಾಗಿ ಹೊಂದುವುದಿಲ್ಲ ಬಿಡಿ. ಆದರೆ ಮನೆ ಮುಳುಗುವ ಮೊದಲೇ ಅದರ ಕಾಲಡಿಯ ಮರಳು ಹೋಗುತ್ತದೆ ಅನ್ನುವುದಂತೂ ನಿಜ.

ಹೋದಾಗ ನಷ್ಟ ಯಾರ ತಲೆಗೆ? ಇಲ್ಲಿನ ಮನೆ ವಿಮೆಗಳಲ್ಲಿ ಸಾಮಾನ್ಯವಾಗಿ ಕಡಲ್ಕೊರೆತಕ್ಕೆ ದುಡ್ಡು ಬರುವುದಿಲ್ಲ. 2016ರ ಜೂನ್‌ನಲ್ಲಿ ಸಿಡ್ನಿಯ ಕಾಲರಾಯ್‌ನಲ್ಲಿ ಬಿರುಗಾಳಿ ಮತ್ತು ದೊಡ್ಡ ಭರತ ಒಟ್ಟಿಗೆ ಬಂದು, ಒಬ್ಬರ ಹಿತ್ತಲಿನ ಈಜುಕೊಳ ಇಡಿಯಾಗಿ ಕಿತ್ತು ಬೀಚಿಗೆ ಬಿದ್ದಿತ್ತು. ಆಮೇಲೆ ಅಲ್ಲಿ ಏಳು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಎದ್ದಿತು. ಖರ್ಚಿನ 80 ಪಾಲು ಆ ಮನೆಯವರದ್ದೇ. ನಗರಸಭೆ 10, ರಾಜ್ಯ ಸರ್ಕಾರ 10. ಗೋಡೆ ನೋಡಲು ಚೆನ್ನಾಗಿಲ್ಲ, ಬೀಚನ್ನೇ ನುಂಗುತ್ತದೆ ಅಂತ ಊರವರು ಕೈ ಕೈ ಹಿಡಿದು ಮರಳಿನ ಮೇಲೆ ಸಾಲಾಗಿ ನಿಂತು ಪ್ರತಿಭಟಿಸಿದರು. ಅದು ಬೇರೆ ಜಗಳ. ನನಗೆ ಹಿಡಿಸಿದ್ದು ಆ 80-10-10 ಲೆಕ್ಕ. ಸಮುದ್ರ ನೋಡುವ ಸುಖ ಯಾರದೋ, ಗೋಡೆಯ ಖರ್ಚೂ ಬಹುಪಾಲು ಅವರದೇ.

ಹಾಗಂತ ಇಲ್ಲಿ ಎಲ್ಲವೂ ನೆಟ್ಟಗಿದೆ ಅಂದುಕೊಳ್ಳಬೇಡಿ. ನಾವು ಮನೆ ಕೊಳ್ಳುವಾಗ ಕರಾರಿನ ಜೊತೆ ಒಂದು ಸರ್ಟಿಫಿಕೇಟ್ ಬಂತು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅದನ್ನು 10.7 ಅನ್ನುತ್ತಾರೆ, ಮೊದಲು 149 ಅನ್ನುತ್ತಿದ್ದರು. ಈ ಜಾಗಕ್ಕೆ ಪ್ರವಾಹದ ನಿರ್ಬಂಧ ಇದೆಯಾ, ಕಾಡ್ಗಿಚ್ಚಿನ ಭಯ ಇದೆಯಾ, ಎಲ್ಲ ಅದರಲ್ಲಿರಬೇಕು. ನನ್ನ ವಕೀಲರು ಹಳದಿ ಪೆನ್ನಿನಲ್ಲಿ ಒಂದು ಸಾಲು ಗುರುತು ಮಾಡಿ, 'ಇದನ್ನು ಓದಿ ಆಮೇಲೆ ಸಹಿ ಹಾಕಿ' ಅಂದರು. ಓದಿದೆ. ಆ ಮನೆ ಬಿಟ್ಟೆ.

ಇಂಥ ಒಂದು ಸಾಲಿಗೆ ಎಷ್ಟು ತಾಕತ್ತು ಅಂತ ರಾಜಕಾರಣಿಗಳಿಗೂ ಗೊತ್ತು. 2009ರಲ್ಲಿ ಈ ರಾಜ್ಯದ ಸರ್ಕಾರ, ಸಮುದ್ರ 2050ಕ್ಕೆ 40 ಸೆಂಟಿಮೀಟರ್, 2100ಕ್ಕೆ 90 ಸೆಂಟಿಮೀಟರ್ ಏರುತ್ತದೆ ಅಂತ ಇಟ್ಟುಕೊಂಡು ಯೋಜನೆ ಮಾಡಿ ಅಂತ ಎಲ್ಲ ನಗರಸಭೆಗಳಿಗೆ ಹೇಳಿತ್ತು. ಸರ್ಟಿಫಿಕೇಟಿನಲ್ಲಿ ಆ ಮಾತು ಬರತೊಡಗಿದ್ದೇ ತಡ, ನಮ್ಮ ಮನೆಯ ಬೆಲೆ ಬೀಳುತ್ತೆ ಅಂತ ಕಡಲಂಚಿನವರು ಗದ್ದಲ ಎಬ್ಬಿಸಿದರು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. 2012ರಲ್ಲಿ ಹೊಸ ಸರ್ಕಾರ ಆ ಅಂಕಿಗಳನ್ನು ಕೈಬಿಟ್ಟು, ನಿಮ್ಮ ನಿಮ್ಮ ಲೆಕ್ಕ ನೀವೇ ನೋಡಿಕೊಳ್ಳಿ ಅಂದುಬಿಟ್ಟಿತು. ಸಮುದ್ರಕ್ಕೆ ಇದನ್ನು ಯಾರೂ ತಿಳಿಸಲಿಲ್ಲ.

2015ರಲ್ಲಿ ಪೀಟರ್ ಡಟ್ಟನ್ ಮೈಕ್ ಆನ್ ಇರುವುದು ಗೊತ್ತಿಲ್ಲದೆ, ಬಾಗಿಲಿಗೆ ನೀರು ಬರುವವರಿಗೆ ಟೈಮ್ ಎಲ್ಲಿ ಲೆಕ್ಕ ಅಂತ ಪೆಸಿಫಿಕ್ ದ್ವೀಪದವರ ಬಗ್ಗೆ ನಕ್ಕಿದ್ದರು. ಆಗ ಅವರು ಮಂತ್ರಿ, ಪಕ್ಕದಲ್ಲಿ ನಿಂತು ನಕ್ಕವರು ಪ್ರಧಾನಿ ಟೋನಿ ಅಬಟ್. ಹತ್ತು ವರ್ಷ ಆಗುವುದರೊಳಗೆ ಅದೇ ಆಸ್ಟ್ರೇಲಿಯಾ ಪೆಸಿಫಿಕ್ ಸಾಗರದ ತುವಾಲು ಎಂಬ ದ್ವೀಪದೇಶದ ಜೊತೆ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 280 ಜನಕ್ಕೆ ಇಲ್ಲಿ ನೆಲೆಸಲು ಅವಕಾಶ ಕೊಟ್ಟಿತು. 2025ರಲ್ಲಿ ಮೊದಲ ಸಲ ಅರ್ಜಿ ಕರೆದಾಗ, ಹತ್ತು-ಹನ್ನೊಂದು ಸಾವಿರ ಜನರಿರುವ ಆ ದೇಶದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ಜನ ಹೆಸರು ಕೊಟ್ಟರು. ಒಂದು ದೇಶವೇ ಗಂಟುಮೂಟೆ ಕಟ್ಟಲು ಸಾಲಿನಲ್ಲಿ ನಿಂತಿದೆ ಅಂದಂತಾಯ್ತು. ಅದೇ ವರ್ಷ ಆಲ್ಬನೀಸಿ ಸರ್ಕಾರ ಪಶ್ಚಿಮ ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಶೆಲ್ಫ್ ಗ್ಯಾಸ್ ಸ್ಥಾವರವನ್ನು 2070ರವರೆಗೆ ನಡೆಸಲು ಒಪ್ಪಿಗೆ ಕೊಟ್ಟಿತು. ಬೈಯಲೇಬೇಕೆಂದಿದ್ದರೆ ಇದಕ್ಕೆ ಬೈಯಿರಿ ಅಂತ ತುಪ್ಪದ ಗೆಳೆಯರಿಗೆ ಹೇಳಬೇಕು. ಮನೆಯ ವಿಷಯ ಸುಮ್ನೆ ಚಪ್ಪಲಿ ಎಸೆಯಲು ಸಿಕ್ಕ ನೆಪ.

ನನ್ನ ಸೋದರಮಾವನ ಮನೆ ಮಂಗಳೂರಿನ ದಕ್ಷಿಣಕ್ಕೆ, ಸೋಮೇಶ್ವರ ದಾಟಿ ಉಚ್ಚಿಲದ ಕಡೆ. ಅಲ್ಲಿ ಸಮುದ್ರದ ಎದುರು ಮನೆ ಅಂದರೆ ಅಂತಸ್ತಲ್ಲ. ಅನುಕೂಲಸ್ಥರು ಹಿಂದಿನಿಂದಲೂ ತೋಟದೊಳಗೆ, ಗದ್ದೆಯ ಆಚೆ ಮನೆ ಕಟ್ಟಿದವರು. ಕಡಲ ಬುಡದಲ್ಲಿ ಇದ್ದವರು ದೋಣಿ, ಬಲೆಯನ್ನೇ ನಂಬಿದವರು. ಮಾವನ ಅಂಗಳದ ಮುಂದೆ ನಾನು ಚಿಕ್ಕವನಿದ್ದಾಗ ಮೂರು ಸಾಲು ತೆಂಗು ಇದ್ದವು. ಈಗ ಒಂದು ಸಾಲು. ಅದರಲ್ಲೂ ಎರಡು ಮರ ಬೇರು ತೋರಿಸಿಕೊಂಡು ಸಮುದ್ರದ ಕಡೆ ವಾಲಿವೆ.

ಇದಕ್ಕೆ ಏರುವ ಸಮುದ್ರವೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬಂದರಿಗಾಗಿ ಚಾಚಿದ ಕಲ್ಲಿನ ಗೋಡೆಗಳಿವೆ. ದಡದುದ್ದಕ್ಕೂ ಹರಿಯಬೇಕಾದ ಮರಳಿಗೆ ಅವು ಅಡ್ಡ. ನದಿಗೆ ಕಿಂಡಿ ಅಣೆಕಟ್ಟು, ನದಿಯ ಮರಳು ಲಾರಿಯಲ್ಲಿ. ಮಳೆಗಾಲದಲ್ಲಿ ಕಡಲು ಒಯ್ದ ಮರಳನ್ನು ದೀಪಾವಳಿ ಹೊತ್ತಿಗೆ ತಂದು ಹಾಕುವುದು ಅದರ ಹಳೇ ಪದ್ಧತಿ. ಈಗ ತರಲು ಮರಳೇ ಕಡಿಮೆ. ಇದರ ಮೇಲೆ ನೀರೂ ಏರಿದರೆ ಕೇಳಬೇಕಾ?

ಜೂನ್ ಬಂತೆಂದರೆ ಅಲ್ಲಿ ಒಂದೇ ಆಟ. ಮನೆ ಬೀಳುತ್ತದೆ, ಶಾಲೆಯಲ್ಲಿ ಗಂಜಿ ಕೇಂದ್ರ ತೆರೆಯುತ್ತದೆ, ಮಂತ್ರಿಗಳು ಪಂಚೆ ಎತ್ತಿ ಕಟ್ಟಿ ಛತ್ರಿ ಹಿಡಿದು ಬರುತ್ತಾರೆ, ಶಾಶ್ವತ ಪರಿಹಾರ ಅನ್ನುತ್ತಾರೆ. ಲಾರಿಗಳಲ್ಲಿ ಕಲ್ಲು ಬರುತ್ತದೆ. ಆ ಕಲ್ಲು ಮುಂದಿನ ಮಳೆಗಾಲದಲ್ಲಿ ಮರಳಿನಡಿ ಹೂತುಹೋಗುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಸಮುದ್ರದೊಳಗೇ ಅಲೆ ತಡೆಯುವ ದಿಬ್ಬಗಳನ್ನು ಕಟ್ಟಿದರು. ಕಟ್ಟಿದ ಕಡೆ ಸ್ವಲ್ಪ ತಣ್ಣಗಾಗಿದೆ, ಕೊರೆತ ನಮ್ಮ ಕಡೆ ಸರಿದಿದೆ ಅನ್ನುವುದು ಮಾವನ ದೂರು.

ಅಲ್ಲಿಯೂ ಗೆರೆ ಉಂಟು, ಕಡಲಂಚಿನಲ್ಲಿ ಕಟ್ಟಡಕ್ಕೆ ಕಡಿವಾಣ ಹಾಕುವ ಸಿಆರ್‌ಝೆಡ್ ಗೆರೆ. ಭರತದ ನೀರು ಮುಟ್ಟುವ ಗಡಿಯಿಂದ 200 ಮೀಟರ್ ಒಳಗೆ ಹಳ್ಳಿಗಾಡಿನಲ್ಲಿ ಹೊಸದಾಗಿ ಕಟ್ಟುವಂತಿಲ್ಲ ಅಂತ 2011ರ ಅಧಿಸೂಚನೆ ಹೇಳಿತ್ತು. 2019ರಲ್ಲಿ, ಜನ ಒತ್ತಾಗಿರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿದರು. ಸಮುದ್ರ ಒಳಗೆ ಬರುತ್ತಿರುವಾಗ ನಮ್ಮ ಗೆರೆ ಹೊರಗೆ ಹೋಯಿತು. ಸಿಡ್ನಿಯ 2012 ನೆನಪಾಗುತ್ತದೆ, ಅಲ್ವಾ? ಈ ವಿಷಯದಲ್ಲಿ ಎರಡೂ ಕಡೆಯ ರಾಜಕಾರಣಿಗಳು ಅಣ್ಣತಮ್ಮಂದಿರು. ಹಿತ್ತಲ ಗೋಡೆ ಎತ್ತರಿಸಲು ಮಾವ ಎರಡು ವರ್ಷ ಫೈಲು ಹಿಡಿದು ಅಲೆದರು. ಆ ಹೊತ್ತಿಗೆ ಮುಂದಿನ ಊರಿನಲ್ಲಿ ಒಂದು ರೆಸಾರ್ಟ್ ಎದ್ದು, ಉದ್ಘಾಟನೆಯೂ ಆಗಿ, ಎದುರಿಗೆ ಕಲ್ಲೂ ಬಿತ್ತು. ಆ ಕಲ್ಲಿನ ದುಡ್ಡು ಯಾರದ್ದು ಅಂತ ಕೇಳಿದರೆ ಹೇಳುವವರಿಲ್ಲ.

ನಮ್ಮವರ ಪರವಾಗಿಯೂ ಒಂದು ಮಾತು. ಚುನಾವಣೆಗೆ ನಿಲ್ಲುವವರು ಭಾರತದಲ್ಲಿ ಆಸ್ತಿಯ ಅಫಿಡವಿಟ್ ಕೊಡಬೇಕು. ಸರ್ವೆ ನಂಬರ್, ವಿಸ್ತೀರ್ಣ, ಬೆಲೆ ಎಲ್ಲ ಬರೆಯಬೇಕು. ಕರ್ನಾಟಕದ ಶಾಸಕರು ವರ್ಷ ವರ್ಷ ಲೋಕಾಯುಕ್ತಕ್ಕೂ ಲೆಕ್ಕ ಕೊಡಬೇಕು. ಆಸ್ಟ್ರೇಲಿಯಾದ ಸಂಸದರು 28 ದಿನದೊಳಗೆ ಹೊಸ ಆಸ್ತಿ ದಾಖಲಿಸಬೇಕು, ಆದರೆ ಬೆಲೆ ಬರೆಯಬೇಕಿಲ್ಲ. ಹಾಗಿದ್ದೂ 43 ಲಕ್ಷ ಅಂತ ಊರಿಗೆಲ್ಲ ಗೊತ್ತಾಯಿತು, ಯಾಕೆಂದರೆ ಇಲ್ಲಿ ಯಾರ ಮನೆ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದು ಗುಟ್ಟಲ್ಲ. ನಮ್ಮಲ್ಲಿ ಬೆಲೆ ಬರೆಯುವ ಕಾನೂನಿದೆ, ಬರೆದ ಬೆಲೆಯನ್ನು ನಂಬುವವರು ಕಡಿಮೆ.

ಹೋದ ಮಳೆಗಾಲದಲ್ಲಿ ಮಾವನಿಗೆ ಫೋನ್ ಮಾಡಿದ್ದಾಗ ಈ ಮನೆಯ ಕತೆ ಹೇಳಿದೆ.

"24 ಕೋಟಿಯಾ? ಸಮುದ್ರದ ಎದುರು ಕೂತುಕೊಳ್ಳಲಿಕ್ಕೆ? ನನ್ನ ಜಾಗ ಕೊಡ್ತೇನೆ ಅಂತ ಹೇಳು ಮಾರಾಯ, ಕಮ್ಮಿಗೆ ಕೊಡ್ತೇನೆ" ಅಂದರು.

ಅದು ಬೀಚಿನಲ್ಲಿಲ್ಲ ಮಾವ, ಬಂಡೆಯ ಮೇಲೆ, ತುಂಬಾ ಎತ್ತರದಲ್ಲಿದೆ ಅಂದೆ.

"ಓ, ಹಾಗಾ? ಎತ್ತರದಲ್ಲಿ ಉಂಟಾ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವರಿಗೆ ಸಮುದ್ರದ ವಿಷಯ ಸರಿಯಾಗಿ ಗೊತ್ತುಂಟು."

ಆ ಕಡೆಯಿಂದ ಟಿಪ್ಪರ್ ಹಿಂದೆ ಬರುವ ಬೀಪ್ ಬೀಪ್ ಕೇಳಿಸುತ್ತಿತ್ತು. "ಲಾರಿ ಬಂತು, ಕಲ್ಲು ಹಾಕಲಿಕ್ಕೆ. ನಾನು ಹೋಗಿ ನಿಲ್ಲದಿದ್ದರೆ ಎಲ್ಲಾ ಆಚೆಮನೆ ಎದುರು ಸುರಿದು ಹೋಗ್ತಾರೆ. ಇಡ್ತೇನೆ, ಆಯ್ತಾ?"