ಹುಣಸೆ ಬೀಜದ ಜೂಜು

ದೀಪಾವಳಿಗೆ ಎರಡು ದಿನ ಇರುವಾಗ ಅಜ್ಜಿ ಮನೆಯ ಅಟ್ಟದಿಂದ ಎರಡು ಡಬ್ಬ ಕೆಳಗಿಳಿಯುತ್ತವೆ. ಒಂದರಲ್ಲಿ ಹಿತ್ತಾಳೆ ದೀಪಗಳು. ಇನ್ನೊಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ. ಅದರಲ್ಲಿ ಒಂದು ಕಟ್ಟು ಇಸ್ಪೀಟು, ಮುನ್ನೂರು ಹುಣಸೆ ಬೀಜ. ದೀಪ ತಿಕ್ಕೋದಕ್ಕೆ ಹುಣಸೆಹಣ್ಣು, ಜೂಜಿಗೆ ಅದರ ಬೀಜ. ನಮ್ಮನೆಯಲ್ಲಿ ಏನನ್ನೂ ಬಿಸಾಕುವುದಿಲ್ಲ.

ಆಟದ ಹೆಸರು ಮೂರೆಲೆ. ತೀನ್ ಪತ್ತಿ ಅಂದರೆ ಮೊಬೈಲಿನಲ್ಲಿ ಆಡುವ ಹುಡುಗರಿಗೆ ಬೇಗ ಗೊತ್ತಾಗುತ್ತದೆ. ಸಿನಿಮಾದಲ್ಲಿ ಹ್ಯಾಟು ಹಾಕಿಕೊಂಡವರು ಆಡುವ ಪೋಕರಿಗೆ ಇದು ದಾಯಾದಿ. ಅಲ್ಲಿ ಕೈಯಲ್ಲಿರುವುದು ಚೆನ್ನಾಗಿಲ್ಲ ಅಂದರೆ ಮುಂದೆ ಬೀಳುವ ಎಲೆಯ ಮೇಲಾದರೂ ಆಸೆ ಇಟ್ಟುಕೊಳ್ಳಬಹುದು. ನಮ್ಮದರಲ್ಲಿ ಅದೂ ಇಲ್ಲ. ತಲೆಗೆ ಮೂರು ಎಲೆ, ಬಂದದ್ದು ಬಂತು. ಬದಲಾಯಿಸುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ನಾವು ಆರು ಜನ ಕೂರುತ್ತೇವೆ, ತಲೆಗೆ ಐವತ್ತು ಬೀಜ. ಮೊದಲು ಎಲ್ಲರೂ ಒಂದೊಂದು ಬೀಜ ನಡುವೆ ಹಾಕಬೇಕು, ಅದು ಬೂಟು. ಆಮೇಲೆ ಎಲೆ ನೋಡದೇ ಆಡಿದರೆ ಬ್ಲೈಂಡು, ನೋಡಿ ಆಡಿದರೆ ಚಾಲು. ನೋಡಿದವರು ನೋಡದವರ ಎರಡರಷ್ಟು ಹಾಕಬೇಕು. ಧೈರ್ಯ ಸಾಲದಿದ್ದರೆ ಎಲೆ ಬಿಟ್ಟು ಆಟದಿಂದ ಹೊರಗೆ, ಅದು ಪ್ಯಾಕು. ಕೊನೆಗೆ ಇಬ್ಬರೇ ಉಳಿದಾಗ ಎಲೆ ತೋರಿಸುವುದು ಶೋ.

ಇಷ್ಟು ಎಲ್ಲರ ಮನೆಯಲ್ಲೂ ಒಂದೇ. ಇಲ್ಲಿಂದ ಆಚೆಗೆ ಒಂದೊಂದು ಮನೆಗೆ ಒಂದೊಂದು ಕಾನೂನು.

ದೊಡ್ಡದು ಟ್ರಯಲ್ಲು, ಅಂದರೆ ಮೂರೂ ಒಂದೇ. ಟ್ರೇಲ್ ಅನ್ನಬೇಕಂತೆ, ನಮ್ಮ ಬಾಯಲ್ಲಿ ಅದು ಟ್ರಯಲ್ಲೇ. ಆಮೇಲೆ ಪ್ಯೂರು, ಒಂದೇ ಬಣ್ಣದಲ್ಲಿ (ಅಂದರೆ ಇಸ್ಪೀಟು, ಆಟೀನು, ಡೈಮನ್ನು, ಕಳಾವರು ಇವುಗಳಲ್ಲಿ ಒಂದರಲ್ಲೇ) ಸಾಲಾಗಿ ಮೂರು. ಅದರ ಕೆಳಗೆ ಬೇರೆ ಬೇರೆ ಬಣ್ಣದ ಸಾಲು, ಸಾಲಿಲ್ಲದೆ ಬಣ್ಣ ಮಾತ್ರ ಒಂದೇ ಆದರೆ ಕಲರು, ಆಮೇಲೆ ಜೋಡಿ. ಇದ್ಯಾವುದೂ ಇಲ್ಲದವರಿಗೆ ಕೈಯಲ್ಲಿರುವ ದೊಡ್ಡ ಎಲೆಯೇ ಗತಿ. ಇದರಲ್ಲಿ ಜಗಳಕ್ಕೇನಿದೆ ಅನ್ನಿಸುತ್ತೆ ಅಲ್ವಾ? ಹುಬ್ಬಳ್ಳಿಯ ಭಾವ ಮದುವೆಯಾದ ವರ್ಷ ಮೊದಲ ದೀಪಾವಳಿಗೆ ಬಂದರು. ಅಳಿಯತನದ ಬಿಗುಮಾನದಲ್ಲಿ ಆಡುತ್ತಾ ಆಡುತ್ತಾ ಎಕ್ಕ-ಎರಡು-ಮೂರು ತೆಗೆದು ಚಾಪೆ ಮೇಲೆ ಇಟ್ಟು, ಎರಡೂ ಕೈಯಲ್ಲಿ ಬೀಜ ಬಾಚಿಕೊಳ್ಳೋದಕ್ಕೆ ಹೋದರು. ಸೋದರಮಾವ ಅವರ ಕೈ ತಡೆದು ಎಕ್ಕ-ರಾಜ-ರಾಣಿ ತೋರಿಸಿದ.

“ಹಂಗ ಅಲ್ರೀ, ನಮ್ಮ ಕಡೆ ಎಕ್ಕಾ ಎರಡು ಮೂರs ಎಲ್ಲಾದಕ್ಕಿಂತ ದೊಡ್ಡದು,” ಅಂದರು ಭಾವ.

“ನಮ್ಮ ಕಡೆ ಎರಡನೇದು,” ಅಂದ ಮಾವ.

ಎಕ್ಕ ಮೇಲೂ ಇರುತ್ತದೆ, ಕೆಳಗೂ ಇರುತ್ತದೆ ಅನ್ನುವುದೇ ಇದರ ಮೂಲ. ರಾಜನ ತಲೆಯ ಮೇಲೂ ಕೂರುತ್ತದೆ, ಎರಡರ ಕಾಲ ಬುಡದಲ್ಲೂ ಕೂರುತ್ತದೆ. ಹಾಗಾಗಿ ಹೆಚ್ಚಿನವರು ಎಕ್ಕ-ಎರಡು-ಮೂರನ್ನು ಎಕ್ಕ-ರಾಜ-ರಾಣಿಯ ಕೆಳಗೆ, ರಾಜ-ರಾಣಿ-ಗುಲಾಮನ ಮೇಲೆ ಇಡುತ್ತಾರೆ. ಕೆಲವರು ಎಲ್ಲಾ ಸಾಲಿಗಿಂತ ಮೇಲೆ ಇಡುತ್ತಾರೆ. ಅವತ್ತು ತೀರ್ಪು ಕೊಟ್ಟವಳು ಅಜ್ಜಿ: ಹೊಸ ಅಳಿಯ ಇರುವಷ್ಟು ದಿನ ಹುಬ್ಬಳ್ಳಿ ಕಾನೂನು. ಮುಂದಿನ ವರ್ಷದಿಂದ ನಮ್ಮದು. ಭಾವ ಈಗಲೂ ಪ್ರತಿ ವರ್ಷ “ನಾನೂ ಒಂದು ವರ್ಷ ರಾಜಾ ಇದ್ದೆ” ಅನ್ನುತ್ತಿರುತ್ತಾರೆ.

ಕಾನೂನು ಮಾಡುವ ಚಟ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಅನ್ನುವ ಹಳೇ ಕಾಲದ ಇಸ್ಪೀಟೆಲೆಗಳಿಗೆ ತಾವೇ ಹೊಸ ಹೊಸ ಆಟ ಕಟ್ಟಿದವರು. ಚಾಮುಂಡೇಶ್ವರಿ ಹೆಸರಿನ ಒಂದು ಆಟಕ್ಕೆ 320 ಎಲೆ, ಹದಿನಾರು ಬಣ್ಣ. ಹಂಚಿ ಮುಗಿಸುವ ಹೊತ್ತಿಗೆ ದಸರಾ ಆನೆ ಬನ್ನಿಮಂಟಪ ತಲುಪುತ್ತಿತ್ತೇನೋ. ನಮ್ಮಜ್ಜಿಗೆ ಅಷ್ಟು ವ್ಯವಧಾನ ಇಲ್ಲ. ಅವಳ ಕಾನೂನು ಎರಡೇ. ಊಟಕ್ಕೆ ಕರೆದ ಮೇಲೆ ಹಂಚಿದ ಎಲೆ ಲೆಕ್ಕಕ್ಕಿಲ್ಲ. ಬೀಜ ಮುಗಿದವರಿಗೆ ಸಾಲ ಕೊಡಬಹುದು, ಆದರೆ ಸಾಲಗಾರ ಬೆಳಿಗ್ಗೆ ಎದ್ದು ನೀರೊಲೆಗೆ ಉರಿ ಹಾಕಬೇಕು.

ಅಜ್ಜಿ ಯಾವಾಗಲೂ ಬ್ಲೈಂಡು. ಎಲೆ ಬಂದ ಕೂಡಲೇ ಮುಟ್ಟಿ ಮೊಣಕಾಲಿನ ಕೆಳಗೆ ಸೇರಿಸಿಬಿಡುತ್ತಾಳೆ. ಆಮೇಲೆ ನೋಡುವುದೆಲ್ಲಾ ನಮ್ಮ ಮುಖ. ಒಳ್ಳೆ ಎಲೆ ಬಂದರೆ ಮಾವ ಸೊಂಟದ ಪಂಚೆ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಳ್ಳುತ್ತಾನೆ. ಅತ್ತೆ “ಯಾರಾದ್ರೂ ಒಂಚೂರು ಅಡಿಕೆ ಕೊಡ್ರೇ” ಅಂತ ಕೈ ಚಾಚುತ್ತಾಳೆ, ಸಿಕ್ಕಿದ ಅಡಿಕೆಯನ್ನು ಬಾಯಿಗೆ ಹಾಕಿಕೊಳ್ಳುವುದು ಮರೆಯುತ್ತಾಳೆ. ನಾನು ಜಾಸ್ತಿ ಮಾತಾಡುತ್ತೇನಂತೆ. ಇದು ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಗೊತ್ತಾದ ಮೇಲೆ ಸುಮ್ನೆ ಕೂತು ನೋಡಿದೆ. “ಇವನಿಗೆ ಏನೋ ಬಂದಿದೆ, ಮಾತೇ ಇಲ್ಲ” ಅಂತ ಎಲ್ಲರೂ ಪ್ಯಾಕು ಮಾಡಿದರು.

1967ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಕೇಸು ಬಂದಿತ್ತು. ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಅಂತ ಜಾಣತನ ಬೇಕು, ಆದ್ದರಿಂದ ಅದು ಮೂರೆಲೆಯ ಹಾಗೆ ಪೂರ್ತಿ ಅದೃಷ್ಟದ ಆಟ ಅಲ್ಲ ಅಂತ ತೀರ್ಪಾಯಿತು. ರಮ್ಮಿಯವರಿಗೆ ಬಿಡುಗಡೆ, ನಮ್ಮ ಆಟಕ್ಕೆ ಕೆಟ್ಟ ಹೆಸರು. ಇದನ್ನು ಅಜ್ಜಿಗೆ ಓದಿ ಹೇಳಿದೆ. “ಅವರು ನಿಮ್ಮಾವನ ಜೊತೆ ಆಡಿಲ್ಲ, ಬಿಡು,” ಅಂದಳು.

ಆದರೂ ಲೆಕ್ಕ ಅನ್ನೋದು ಒಂದಿದೆ. ಅದನ್ನು ಮನೆಗೆ ತಂದವನು ಅಕ್ಕನ ಮಗ, ಇಂಜಿನಿಯರಿಂಗು ಎರಡನೇ ವರ್ಷ. ಕಳೆದ ದೀಪಾವಳಿಯಲ್ಲಿ ಅವನಿಗೆ ಆಟೀನಿನ ಎಂಟು-ಒಂಬತ್ತು-ಹತ್ತು ಬಂತು. ಜೀವಮಾನದ ಮೊದಲ ಪ್ಯೂರು. ಕಿವಿ ಕೆಂಪಾಯಿತು. ಸುತ್ತು ಬರುವ ಹೊತ್ತಿಗೆ ಒಬ್ಬರಾದ ಮೇಲೆ ಒಬ್ಬರು ಪ್ಯಾಕು. ಬೂಟಿನ ಆರು ಬೀಜ ಸಿಕ್ಕಿತು, ಅದರಲ್ಲಿ ಒಂದು ಅವನದೇ. ಆ ಸಿಟ್ಟಿಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯೋದಕ್ಕೆ ಕೂತ.

52 ಎಲೆಯಲ್ಲಿ ಮೂರು ಎಲೆ 22,100 ಬಗೆಯಲ್ಲಿ ಬರಬಹುದು. ಅದರಲ್ಲಿ 16,440 ಬರೀ ಕಸ. ಜೋಡಿಯೂ ಇಲ್ಲ, ಕಲರೂ ಇಲ್ಲ, ಸಾಲೂ ಇಲ್ಲ. ಅಂದರೆ ನಾಲ್ಕು ಸಲ ಎಲೆ ಎತ್ತಿದರೆ ಮೂರು ಸಲ ಕೈಗೆ ಬರುವುದು ಕಸವೇ. “ಹಾಗಾದರೆ ನನಗೊಬ್ಬಳಿಗೇ ಅಲ್ಲ,” ಅಂತ ಅತ್ತೆ ನಿಟ್ಟುಸಿರು ಬಿಟ್ಟಳು. ಪೂರಾ ಪಟ್ಟಿಯ ಸರಿಯಾದ ನಡುಮಧ್ಯ ಯಾವುದು ಅಂತಲೂ ಹುಡುಗ ಹುಡುಕಿದ್ದ: ರಾಜ, ಹತ್ತು, ಎರಡು. ಅದಕ್ಕಿಂತ ಮೇಲೆ ಅರ್ಧ, ಕೆಳಗೆ ಅರ್ಧ. ನಾನು ಇಷ್ಟು ವರ್ಷ ರಾಜ-ಹತ್ತು-ಎರಡು ಬಂದಾಗೆಲ್ಲಾ ಹಣೆಬರಹ ಅಂತ ಬಿಸಾಕುತ್ತಿದ್ದೆ. ಅದು ಊರಿಗೆಲ್ಲಾ ಸಮನಾದ ಎಲೆಯಂತೆ.

ಜೋಡಿ ಬಂದರೆ ಹೇಗೆ? ಎದುರಿಗೆ ಒಬ್ಬರೇ ಇದ್ದರೆ ಎರಡರ ಜೋಡಿಯೂ ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತದೆ. ಎದುರಿಗೆ ಐದು ಜನ ಇದ್ದು ಎಲ್ಲರೂ ಕೊನೆವರೆಗೂ ನಿಂತರೆ ಅದೇ ಜೋಡಿ ಗೆಲ್ಲುವುದು ನಾಲ್ಕರಲ್ಲಿ ಒಂದು ಸಲವೂ ಅಲ್ಲ. ಅದಕ್ಕೇ ಮೂರೆಲೆಯಲ್ಲಿ ಗೆಲ್ಲುವುದು ಅಂದರೆ ಮುಕ್ಕಾಲು ಪಾಲು ಇನ್ನೊಬ್ಬರನ್ನು ಹೆದರಿಸಿ ಓಡಿಸುವುದು. ಅಜ್ಜಿ ಆ ಕೆಲಸವನ್ನು ಲೆಕ್ಕ ಬರೆಯದೇ ಮಾಡುತ್ತಿದ್ದಳು.

ಟ್ರಯಲ್ಲು ಬರುವುದು 425 ಕೈಗೆ ಒಂದು. ರಾತ್ರಿಗೆ ಅರವತ್ತು ಆಟ ಅಂದುಕೊಂಡರೆ ಒಬ್ಬರಿಗೆ ಏಳು ದೀಪಾವಳಿಗೆ ಒಂದು ಸಲ. ಅದಕ್ಕೇ ಇರಬೇಕು, ನಮ್ಮನೆಯಲ್ಲಿ ಇಸವಿ ಹೇಳುವುದು ಟ್ರಯಲ್ಲಿನಿಂದ. ಮಾವನಿಗೆ ಮೂರು ಗುಲಾಮ ಬಂದ ವರ್ಷವೇ ಅಲ್ವಾ ಬಾವಿ ಬತ್ತಿದ್ದು? ಅತ್ತೆಗೆ ಮೂರು ಏಳು ಬಂದಾಗ ಇವನಿನ್ನೂ ಹುಟ್ಟಿರಲಿಲ್ಲ. ಹೀಗೆ.

ಜಗಳ ಶುರುವಾಗಿದ್ದು ಇದರ ಮುಂದಿನ ಸಾಲಿನಲ್ಲಿ. ಟ್ರಯಲ್ಲು ಎಷ್ಟು ಬಗೆ? ಎಕ್ಕದಿಂದ ರಾಜನವರೆಗೆ ಹದಿಮೂರು, ಒಂದೊಂದರ ನಾಲ್ಕು ಎಲೆಯಲ್ಲಿ ಮೂರನ್ನು ಆರಿಸಲು ನಾಲ್ಕು ದಾರಿ. 52. ಪ್ಯೂರು ಎಷ್ಟು? ಎಕ್ಕ-ಎರಡು-ಮೂರರಿಂದ ಎಕ್ಕ-ರಾಜ-ರಾಣಿಯವರೆಗೆ ಹನ್ನೆರಡು ಸಾಲು, ನಾಲ್ಕು ಬಣ್ಣ. 48. ಪ್ಯೂರೇ ಅಪರೂಪ. ಆದರೂ ಎಲ್ಲಾ ಕಡೆ ಟ್ರಯಲ್ಲನ್ನು ಮೇಲೆ ಕೂರಿಸಿದ್ದಾರೆ.

“ಪ್ರಪಂಚಾನೇ ತಪ್ಪು ಆಡ್ತಿದೆ ಮಾಮ,” ಅಂದ ಹುಡುಗ.

ಮಾವನಿಗೆ ತನ್ನ ಮೂರು ಗುಲಾಮರ ಮಾನ ಹೋದ ಹಾಗಾಯಿತು. “ನಾಲ್ಕಕ್ಕೆ ಇಷ್ಟು ರಾದ್ಧಾಂತವಾ? ಇಪ್ಪತ್ತೆರಡು ಸಾವಿರದಲ್ಲಿ ನಾಲ್ಕು!” ಭಾವ ಹಳೇ ಸೇಡು ನೆನಪಿಸಿಕೊಂಡು ಹುಡುಗನ ಕಡೆ ಸೇರಿದರು. ಪ್ಯೂರು ಮೇಲೆ ಹೋದರೆ ಎಕ್ಕ-ಎರಡು-ಮೂರಿಗೂ ಒಂದು ಸ್ಥಾನ ಸಿಗುತ್ತದೆ ಅನ್ನುವ ಆಸೆ ಇರಬೇಕು. ಕೊನೆಗೆ ಮೊಕದ್ದಮೆ ಅಜ್ಜಿಯ ಹತ್ತಿರ ಹೋಯಿತು.

“ರಾಜ ರಾಣಿ ಗುಲಾಮ ಒಂದೇ ಮನೇಲಿರೋದು ಏನೋ ಕಷ್ಟ? ಅದು ಇದ್ದಿದ್ದೇ. ಮೂರು ರಾಜರು ಒಂದೇ ಚಾಪೆ ಮೇಲೆ ಕೂತ್ಕೊಳ್ಳೋದು ಕಷ್ಟವೋ ಇಲ್ಲವೋ, ನೀನೇ ಹೇಳು.”

ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಬೀಜ ಪಕ್ಕಕ್ಕೆ ತಳ್ಳಿ, “ಕಣ್ಣಾರೆ ನೋಡಿ” ಅಂತ ಇಡೀ ಕಟ್ಟನ್ನು ಚಾಪೆಯ ಮೇಲೆ ಜೋಡಿಸುತ್ತಾ ಹೋದ. ಇಸ್ಪೀಟು ಒಂದು ಸಾಲು. ಆಟೀನು ಒಂದು ಸಾಲು. ಡೈಮನ್ನು. ಕಳಾವರು ಹಾಕುವಾಗ ಕೈ ನಿಂತಿತು. ಐದು, ಆರು, ಆಮೇಲೆ ಎಂಟು. ಡಬ್ಬ ತಲೆಕೆಳಗು ಮಾಡಿದೆವು. ಚಾಪೆ ಎತ್ತಿದೆವು. ಅತ್ತೆಯನ್ನು ಎಬ್ಬಿಸಿ ಕೂತಿದ್ದ ಜಾಗ ನೋಡಿದೆವು. ಕಳಾವರ್ ಏಳು ಇರಲೇ ಇಲ್ಲ.

“ಅದಾ?” ಅಂದಳು ಅಜ್ಜಿ. “ನಿಮ್ ತಾತ ಗಡಿಯಾರಕ್ಕೆ ಕೊಟ್ರಲ್ಲ.”

ಗೂಡಿನಲ್ಲಿ ಕೂತಿರುವ ಲೋಲಕದ ಗಡಿಯಾರಕ್ಕೆ ಎಡಗಾಲು ಒಂಚೂರು ಗಿಡ್ಡ. ಅದರ ಕೆಳಗೆ ನಾಲ್ಕು ಮಡಿಕೆಯಾಗಿ, ಎಣ್ಣೆ ಜಿಡ್ಡು ಕುಡಿದು ಕಂದು ಬಣ್ಣಕ್ಕೆ ತಿರುಗಿದ ಕಳಾವರ್ ಏಳು. ತಾತ ಹೋಗಿ ಹತ್ತೊಂಬತ್ತು ವರ್ಷ. ಅಷ್ಟು ದೀಪಾವಳಿಗಳನ್ನೂ ನಾವು ಐವತ್ತೊಂದು ಎಲೆಯಲ್ಲೇ ಆಡಿದ್ದೆವು. ಮೂರೇ ಎಲೆ ಹಂಚುವ ಆಟದಲ್ಲಿ ಕಟ್ಟನ್ನು ಎಣಿಸುವವರು ಯಾರು?

ಹುಡುಗ ಕ್ಯಾಲೆಂಡರು ತಿರುಗಿಸಿ ಮತ್ತೆ ಬರೆದ. ಒಟ್ಟು 20,825. ಏಳರ ಟ್ರಯಲ್ಲು ನಾಲ್ಕರ ಬದಲು ಒಂದೇ, ಅಲ್ಲಿಗೆ ಮೂರು ಕಮ್ಮಿ, 49. ಕಳಾವರಿನಲ್ಲಿ ಏಳು ಸೇರಿದ ಪ್ಯೂರು ಐದು-ಆರು-ಏಳು, ಆರು-ಏಳು-ಎಂಟು, ಏಳು-ಎಂಟು-ಒಂಬತ್ತು. ಅಲ್ಲೂ ಮೂರು ಕಮ್ಮಿ, 45. ಮತ್ತೆ ಅದೇ ನಾಲ್ಕರ ವ್ಯತ್ಯಾಸ. ಹುಡುಗ ತಲೆ ಕೆರೆದುಕೊಂಡ. ಅತ್ತೆ ಮಾತ್ರ ಬೇರೆ ಲೆಕ್ಕದಲ್ಲಿದ್ದಳು. ಇರುವ ಮೂರೇ ಮೂರು ಏಳು ಒಟ್ಟಿಗೆ ಅವಳ ಕೈಗೆ ಬಂದಿತ್ತೇ, ಅಥವಾ ಅದು ತಾತ ಇದ್ದಾಗಿನ ಮಾತೇ ಅಂತ.

ಅಷ್ಟರಲ್ಲಿ ಗೂಡಿನ ಕಡೆಯಿಂದ ಟಿಕ್ ಟಿಕ್ ಕುಂಟತೊಡಗಿತು. ಒಂದು ಉದ್ದ, ಒಂದು ಗಿಡ್ಡ. ಆಮೇಲೆ ನಿಂತೇ ಹೋಯಿತು.

“ಇಟ್ಬಿಡೋ ಅದನ್ನ ಅಲ್ಲೇ,” ಅಂದಳು ಅಜ್ಜಿ. ಹುಡುಗ ಎಲೆಯನ್ನು ಹಳೇ ಮಡಿಕೆಯಲ್ಲೇ ಮಡಿಸಿ ಎಡಗಾಲಿನ ಕೆಳಗೆ ತೂರಿಸಿ, ಲೋಲಕವನ್ನು ಬೆರಳಿನಿಂದ ತಳ್ಳಿದ. ಮಾವ ಎಲೆ ಕಲಸಿ ಹಂಚಿದ. ಅಜ್ಜಿ ತನ್ನ ಮೂರನ್ನು ಮೊಣಕಾಲಿನ ಕೆಳಗೆ ಸೇರಿಸಿ ನಡುವಿನ ಬೀಜ ಎಣಿಸಿದಳು. “ಐದೇ ಇದೆ. ಯಾರ್ದೋ ಬೂಟು ಬಿದ್ದಿಲ್ಲ.”