ಹಳೇ ಹೆಸರು ಬೇಕು, ನಮ್ಮ ಅಜ್ಜಿದು ಬ್ಯಾಡ

ಕಲಬುರಗಿಯಲ್ಲಿ ಹೆಣ್ಣು ಕೂಸು ಹುಟ್ಟಿದ ಮನೆಗೆ ಈಗ ‘ವಿಂಟೇಜ್’ ಹೆಸರೇ ಆಗಬೇಕು. ಆದ್ಯಾ, ಸಾನ್ವಿ, ಅನ್ವಿ ಎಲ್‌ಕೆಜಿಯಲ್ಲಿ ಬೆಂಚಿಗೊಬ್ಬರಂತೆ ಸಿಗತೊಡಗಿದ ಮೇಲೆ ಜನ ಹಳೆಯದರತ್ತ ಹೊರಳಿದ್ದಾರೆ. ಹೊರಳಲಿ. ಷರತ್ತು ಒಂದೇ: ಹೆಸರು ಹಳೆಯದಿರಬೇಕು, ಆ ಹೆಸರಿನ ಮುದುಕಿಯನ್ನು ಮಾತ್ರ ಮನೆಯವರು ಯಾರೂ ಕಂಡಿರಬಾರದು.

ಗುರಬಾಯಿ ಅಂದರೆ, “ಬ್ಯಾಡ, ನಮ್ಮ ಓಣ್ಯಾಗ ರೊಟ್ಟಿ ಮಾರಾಕಿ ಹೆಸರು ಅದು.” ಜಗದೇವಿ ಅಂದರೆ ಅಂಗನವಾಡಿ ಟೀಚರ್ ನೆನಪಾಗುತ್ತಾಳೆ. ಮಹಾದೇವಿ ಅಂದರೆ ಹೆಡ್‌ಮಿಸ್. ಬೀದರಿನ ತುಳಜಾಬಾಯಿ, ಯಾದಗಿರಿಯ ಸಾಬಮ್ಮ, ಹಣಮಂತಿ ಪಟ್ಟಿಯ ತನಕ ಬರುವುದೇ ಇಲ್ಲ. ಕೊನೆಗೆ ಪಾಸಾಗುವುದು ತಾರಾ, ಮೀರಾ, ಅಹಲ್ಯಾ. ಮೂರೂ ಚೆಂದದ ಹೆಸರೇ. ಆದರೆ ಈ ಮನೆಯ ಏಳು ತಲೆಮಾರು ತೆಗೆದರೂ ಒಬ್ಬ ಅಹಲ್ಯಾ ಸಿಗಲಿಕ್ಕಿಲ್ಲ. ಬೇರೆಯವರ ಅಜ್ಜಿಯನ್ನು ಎರವಲು ತಂದು ಪರಂಪರೆ ಅನ್ನುವ ವಿದ್ಯೆ ಇದು.

ಹೆಸರು ಮತ್ತೆ ಚಲಾವಣೆಗೆ ಬರಲು ಸುಮಾರು ನೂರು ವರ್ಷ ಬೇಕು ಎಂಬ ಮಾತು ಇಂಗ್ಲಿಷ್ ಸೀಮೆಯಲ್ಲಿದೆ. ಅಲ್ಲಿ ಹೇಜಲ್, ವಯೊಲೆಟ್, ಈವ್ಲಿನ್ ಎಂಬ ಮುತ್ತಜ್ಜಿಯರು ಮತ್ತೆ ತೊಟ್ಟಿಲಿಗೆ ಬಂದಿದ್ದಾರೆ. ಅವ್ವನ ಹೆಸರು ಬೇಸರ, ಅಜ್ಜಿಯ ಹೆಸರು ಮುಜುಗರ, ಮುತ್ತಜ್ಜಿಯ ಹೆಸರು ಫ್ಯಾಷನ್ ಎನ್ನುವ ಲೆಕ್ಕ. ಇದನ್ನೇ ಇಲ್ಲಿ ಹಾಕಿದರೆ ನಿಜಾಮನ ಕಾಲಕ್ಕೆ ಹೋಗಬೇಕಾಗುತ್ತದೆ: ನೀಲಮ್ಮ, ಶರಣಮ್ಮ, ಖಾಜಾಬೀ. ಶಾಂತಾಬಾಯಿ, ಕಮಲಾಬಾಯಿಯರು ಇನ್ನೂ ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮೆಂತ್ಯೆ ಸೂಡಿಗೆ ಚೌಕಾಸಿ ಮಾಡುತ್ತಿದ್ದಾರೆ, ಹಾಗಾಗಿ ಅವರು ವಿಂಟೇಜ್ ಅಲ್ಲ, ಬರೀ ವಯಸ್ಸಾದವರು.

ನಿಜವಾದ ಹಳೆಯ ಹೆಸರುಗಳ ಹಿಂದೆ ಕಾರಣಗಳಿದ್ದವು. ಮೊದಲ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಮ್ಮ ಅನ್ನುತ್ತಿದ್ದರು. ಕಲ್ಲಿನಂತೆ ಗಟ್ಟಿ ಉಳಿಯಲಿ ಎಂದು ಕಲ್ಲಮ್ಮ, ಗುಂಡಮ್ಮ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತವರ ಮನೆಯಲ್ಲಿ ಮೋನಮ್ಮ, ದರ್ಗಾಕ್ಕೆ ಬೇಡಿಕೊಂಡವರ ಮನೆಯಲ್ಲಿ ಹುಸೇನಮ್ಮ, ಫಕೀರಮ್ಮ. ಆಳಂದದ ಸೂಫಿ ಸಂತ ಲಾಡ್ಲೆ ಮಶಾಕರ ಹೆಸರಲ್ಲಿ ಎಷ್ಟೋ ಲಿಂಗವಂತರ ಮನೆಗಳಲ್ಲಿ ಲಾಡ್ಲಪ್ಪಗಳು ಬೆಳೆದರು. ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಇವತ್ತಿನ ಹೆಸರಿನ ಆ್ಯಪ್ ಶುರುವಿಗೇ ಧರ್ಮ ಕೇಳುತ್ತದೆ. ಹುಸೇನಮ್ಮನನ್ನು ಯಾವ ಖಾನೆಗೆ ಹಾಕಬೇಕೆಂದು ಅದಕ್ಕೆ ತಿಳಿಯುವುದಿಲ್ಲ.

ಆಯ್ಕೆಯ ವಿಧಾನ ಮಾತ್ರ ಬಲು ಶಾಸ್ತ್ರೀಯ. ಮೊದಲು ಅಕ್ಷರ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಗೋಡೆಯ ಮೇಲೆ ಬಸವಣ್ಣನ ಫೋಟೋ, ಕೆಳಗೆ ಕುರ್ಚಿಯಲ್ಲಿ ಪಂಚಾಂಗ ಹಿಡಿದ ಮಾವ. ಮಘಾ ನಕ್ಷತ್ರವಾದರೆ ಪುಣ್ಯ, ಮಾ, ಮೀ, ಮೂ, ಮೇ ಸಿಗುತ್ತವೆ. ಆಶ್ಲೇಷಾ ಆದರೆ ಡಿ, ಡು, ಡೆ, ಡೊ. ಹಸ್ತದ ಮೂರನೇ ಪಾದಕ್ಕೆ ಣ, ಆರ್ದ್ರಾದ ಮೂರನೇ ಪಾದಕ್ಕೆ ಙ. ಙಕಾರದಿಂದ ಹೆಸರು ಹುಡುಕಿ ಕೊಟ್ಟವರಿಗೆ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಬಹುದು. ಆಗ ಜೋತಿಷಿಗಳು “ಗ ನಡೀತದ ಬಿಡ್ರಿ” ಎಂದು ದೊಡ್ಡ ಮನಸ್ಸು ಮಾಡುತ್ತಾರೆ. ನಡೆಯುವುದಾದರೆ ಮೊದಲೇ ನಡೆಯಬಹುದಿತ್ತು.

ಆಮೇಲೆ ಸಂಖ್ಯೆ. ಕಾಲ್ಡಿಯನ್ ಎಂಬ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ 1ರಿಂದ 8ರವರೆಗೆ ಬೆಲೆ, 9 ಯಾವ ಅಕ್ಷರಕ್ಕೂ ಇಲ್ಲ. ನೀಲಮ್ಮ ತೆಗೆದುಕೊಳ್ಳಿ: ಎನ್ 5, ಇ 5, ಇನ್ನೊಂದು ಇ 5, ಎಲ್ 3, ಎ 1, ಎಂ 4, ಮತ್ತೊಂದು ಎಂ 4, ಎ 1. ಒಟ್ಟು 28, ಕೂಡಿದರೆ 10, ಮತ್ತೆ ಕೂಡಿದರೆ 1. ಮನೆಯವರಿಗೆ ಬೇಕಾದದ್ದು ಶುಕ್ರನ ಸಂಖ್ಯೆ 6. ಒಂದು ಎಂ ಕಿತ್ತರೆ 24, ಅಂದರೆ 6. ಅಲ್ಲಿಗೆ ನೀಲಮ್ಮ ಹೋಗಿ ನೀಲಮಾ ಆದಳು. ಮುತ್ತಜ್ಜಿಯ ಹೆಸರೂ ಉಳಿಯಿತು, ಮುತ್ತಜ್ಜಿಯೂ ಹೋದಳು. ಎರಡೂ ಕಡೆಯವರಿಗೆ ಸಮಾಧಾನ.

ಮೂರನೆಯದು ವಾಟ್ಸಾಪ್ ಮತದಾನ. ಒಂದು ಪೋಲ್‌ನಲ್ಲಿ 12 ಆಯ್ಕೆಗಷ್ಟೇ ಜಾಗ. ತವರಿನ ಗ್ರೂಪಿಗೆ ಒಂದು, ಗಂಡನ ಮನೆಯ ಗ್ರೂಪಿಗೆ ಒಂದು. ಎರಡೂ ಕಡೆ ಬೇರೆ ಬೇರೆ ಹೆಸರು ಗೆಲ್ಲುತ್ತದೆ. ದುಬೈಯಲ್ಲಿರುವ ಮೈದುನ ಎಲ್ಲದಕ್ಕೂ ಟಿಕ್ ಹಾಕಿ ಮಲಗುತ್ತಾನೆ.

ಈ ಗಡಿಬಿಡಿಗೆ ಕಾನೂನು ಕಾರಣವಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರನ್ನಲ್ಲ. ಹೆಸರಿನ ಕಾಲಂ ಖಾಲಿ ಬಿಟ್ಟು, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ ವಿಳಂಬ ಶುಲ್ಕ ಕಟ್ಟಿ 15 ವರ್ಷದ ತನಕ ಅವಕಾಶವಿದೆ. ಇಷ್ಟು ಉದಾರವಾದ ಕಾಯಿದೆ ಇದ್ದರೂ ಆಸ್ಪತ್ರೆಯ ಡಿಸ್ಚಾರ್ಜ್ ದಿನವೇ, ಆಟೋ ಹೊರಗೆ ನಿಂತಿರುವಾಗ, ಯಾರೋ ಒಬ್ಬ ಸೋದರಮಾವ ಅವಸರದಲ್ಲಿ ಒಂದು ಸ್ಪೆಲ್ಲಿಂಗ್ ಬರೆದುಕೊಟ್ಟಿರುತ್ತಾನೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮ ಪುರಾವೆ ಆ ಒಂದೇ ಜನನ ಪ್ರಮಾಣಪತ್ರ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಸಂಖ್ಯಾಶಾಸ್ತ್ರದವರು ಒಂದು, ಅತ್ತೆ ಒಂದು ಮುಗಿಸಿದರೆ ಮಗುವಿಗೆ ಏನೂ ಉಳಿಯುವುದಿಲ್ಲ. ಹದಿನೆಂಟಕ್ಕೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಹೊತ್ತಿಗೆ ಶಾಲೆಯಲ್ಲಿ ಎರಡು ಎಂ, ಆಧಾರ್‌ನಲ್ಲಿ ಒಂದು ಎಂ. ಶುಕ್ರ ಅಫಿಡವಿಟ್‌ಗೆ ಸಹಿ ಹಾಕಲು ಬರುವುದಿಲ್ಲ.

ಊರಿಗೆ ಈ ಕಾಟವಿಲ್ಲ. 2014ರ ನವೆಂಬರ್ 1ರಂದು ಗುಲಬರ್ಗಾ ತನ್ನ ವಿಂಟೇಜ್ ಹೆಸರಿಗೆ ಮರಳಿ ಕಲಬುರಗಿ ಆಯಿತು. ವಿಮಾನ ನಿಲ್ದಾಣ ಕಲಬುರಗಿ, ಲೋಕಸಭಾ ಕ್ಷೇತ್ರ ಗುಲಬರ್ಗಾ, ವಿಶ್ವವಿದ್ಯಾಲಯ ಗುಲಬರ್ಗಾ. ದಾಖಲೆ ತಾಳೆಯಾಗುತ್ತಿಲ್ಲ ಎಂದು ಊರನ್ನು ಯಾರೂ ಕೌಂಟರಿನಿಂದ ವಾಪಸ್ ಕಳಿಸಿಲ್ಲ.

ತೊಟ್ಟಿಲ ದಿನದ ವಿಷಯ ಬೇರೆ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದುವ ಹಕ್ಕು ಸೋದರತ್ತೆಯದು. ಊದುವಾಗ ಹಿಂದಿನಿಂದ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಗುದ್ದಿನ ನಡುವೆ ಆಕೆ ಪೋಲ್‌ನಲ್ಲಿ ಗೆದ್ದ ಹೆಸರು ಹೇಳಿದಳೋ ತನ್ನ ಮನಸ್ಸಿನದು ಹೇಳಿದಳೋ ಯಾರಿಗೂ ಕೇಳುವುದಿಲ್ಲ. ಗುಗ್ಗರಿ ಹಂಚಿ ಆಗಿರುತ್ತದೆ. ಇಲ್ಲೊಂದು ಕಿವಿಮಾತು: ಅತ್ತೆಯ ಹೆಸರನ್ನೇ ಮಗಳಿಗೆ ಇಡಲು ತಕರಾರು ಮಾಡುವ ಸೊಸೆಯಂದಿರು ಲಾಭ ನೋಡಿಲ್ಲ. “ಏ ನೀಲೀ, ಎಷ್ಟು ಸಲ ಹೇಳ್ಬೇಕು ನಿನಗ” ಎಂದು ಅತ್ತೆಯ ಎದುರೇ, ಮಾಳಿಗೆಯ ಮೇಲಿಂದ, ದಿನಕ್ಕೆ ಹತ್ತು ಸಲ ಕೂಗುವ ಸ್ವಾತಂತ್ರ್ಯ ಬೇರೆ ಯಾವ ಹೆಸರಿನಲ್ಲೂ ಇಲ್ಲ. ಇದು ಗೊತ್ತಿದ್ದ ಹಿಂದಿನ ಅತ್ತೆಯರು ಅಂಥ ಮೊಮ್ಮಗಳನ್ನು ‘ಅವ್ವ’ ಎಂದೇ ಕರೆಯಬೇಕೆಂದು ಮೊದಲೇ ಕಟ್ಟು ಹಾಕಿದ್ದರು.

ಇಷ್ಟಾಗಿಯೂ ಅಪ್ಪಟ ಹಳೆಯದೇ ಬೇಕೆನ್ನುವವರಿಗೆ ದಾಸ್ತಾನು ಇಲ್ಲೇ ಇದೆ. ಬಸವಣ್ಣನ ಕಾಲದ ಶರಣೆಯರಲ್ಲಿ ಸತ್ಯಕ್ಕ, ರೆಮ್ಮವ್ವೆ, ಕಾಳವ್ವೆ, ಲಕ್ಕಮ್ಮ. ಸುರಪುರ ಸೀಮೆಯ ಮುದನೂರಿನಲ್ಲಿ ದಾಸಿಮಯ್ಯನ ಮಡದಿ ದುಗ್ಗಳೆ. ಜಯಂತಿಗೆ ಇವರ ಫೋಟೋಕ್ಕೆ ಹಾರ ಬೀಳುತ್ತದೆ, ತೊಟ್ಟಿಲಿಗೆ ಹೆಸರು ಬೀಳುವುದಿಲ್ಲ. ಉತ್ತರಾಭಾದ್ರ ಒಂದನೇ ಪಾದಕ್ಕೆ ಪಂಚಾಂಗ ಕೊಡುವ ಅಕ್ಷರವೇ ದು. ನಕ್ಷತ್ರ, ಸೀಮೆ, ಪರಂಪರೆ ಮೂರೂ ಕೂಡಿ ದುಗ್ಗಳೆಯನ್ನು ಬಾಗಿಲಿಗೆ ತಂದು ನಿಲ್ಲಿಸಿದರೂ ಮನೆಯವರು ಕೂಡಿಸಿ ನೋಡುತ್ತಾರೆ: 25, ಅಂದರೆ 7, ಕೇತು. ಕೂಡಲೇ ದ್ಯುತಿ ಎಂದು ಬರೆಸಿ ಬರುತ್ತಾರೆ. ಅಜ್ಜಿ ಅದನ್ನು ‘ದೂತಿ’ ಎಂದೇ ಕರೆಯುತ್ತಾಳೆ, ತಿದ್ದಲು ಯಾರಿಗೂ ಧೈರ್ಯವಿಲ್ಲ.